ಗಂಡನ ಹೆಸರಿನ ಖಾನೆ

ಪವಾಡ, ಮೈಮೇಲೆ ಬರುವುದು, ಸತ್ತವರು ಕನಸಿನಲ್ಲಿ ಬಂದು ದಾರಿ ತೋರಿಸುವುದು, ಇವೆಲ್ಲ ನನಗೆ ಆಗದ ಮಾತು. ಯಾರಾದರೂ ‘ನಾನೇ ಕಣ್ಣಾರೆ ಕಂಡೆ’ ಎಂದು ಶುರುಮಾಡಿದರೆ ಅರ್ಧ ಚಹಾ ಬಿಟ್ಟು ಎದ್ದು ಹೋಗುವ ಪೈಕಿ ನಾನು. ಹುಟ್ಟಿದ್ದು ಆಳಂದ ತಾಲ್ಲೂಕಿನ ಹಿರೋಳ್ಳಿಯಲ್ಲಿ, ಬಸವಣ್ಣನ ದಾರಿ ಹಿಡಿದ ಮನೆತನದಲ್ಲಿ. ನಮ್ಮ ಅಜ್ಜ ರಾಹುಕಾಲ ನೋಡಿದವನಲ್ಲ. ಬೆಕ್ಕು ಅಡ್ಡ ಬಂದರೆ ಅದಕ್ಕೂ ಏನೋ ಕೆಲಸವಿದೆ ಎಂದು ದಾರಿ ಬಿಡುತ್ತಿದ್ದ, ಅಷ್ಟೇ. ಅದರ ಮೇಲೆ ನಾನು ಕಂಪ್ಯೂಟರ್ ಕಲಿತೆ. ಯಂತ್ರ ನಾವು ಹೇಳಿದ್ದನ್ನು ಮಾಡುತ್ತದೆ, ಹೇಳದ್ದನ್ನು ಮಾಡುವುದಿಲ್ಲ ಎಂಬುದು ನನ್ನ ಹೊಟ್ಟೆಪಾಡಿನ ಅಡಿಪಾಯ. ಅಂಥವನು ಈಗ ಇದನ್ನು ಬರೆಯಲು ಕುಳಿತದ್ದಕ್ಕೆ ನಂಬಿಕೆ ಕಾರಣವಲ್ಲ, ಸಿಟ್ಟು ಕಾರಣ. ಇಪ್ಪತ್ತೈದು ವರ್ಷ ಮೇಲಾದರೂ ಅದು ಇಳಿದಿಲ್ಲ. ಯಾರ ಮೇಲಿನ ಸಿಟ್ಟು ಎಂದು ನೀವು ಕೇಳಿದರೆ ಮೂರು ನಾಲ್ಕು ಜನರನ್ನು ತೋರಿಸಬೇಕಾಗುತ್ತದೆ, ಅವರಲ್ಲಿ ನಾನೂ ಒಬ್ಬ.

ತೊಂಬತ್ತೊಂಬತ್ತರ ಬೇಸಿಗೆ. ಭೀಮಾ ನದಿಯ ದಂಡೆಗಿದ್ದ ಒಂದೆರಡು ಸಣ್ಣ ಊರುಗಳಿಗೆ ಮಳೆಗಾಲದಲ್ಲಿ ನೀರು ನುಗ್ಗುತ್ತಿತ್ತು. ಅವುಗಳನ್ನು ಎತ್ತರದ ಜಾಗಕ್ಕೆ ಸರಿಸುವುದೆಂದು ತೀರ್ಮಾನವಾಗಿತ್ತು. ಊರುಗಳ ಹೆಸರು ಬೇಡ. ಯಾವ ಯಾವ ಮನೆತನಕ್ಕೆ ಹೊಸ ಜಾಗದಲ್ಲಿ ಮನೆ ಕೊಡಬೇಕು ಎಂಬ ಪಟ್ಟಿ ಮಾಡುವ ಗುತ್ತಿಗೆಯನ್ನು ಒಂದು ಖಾಸಗಿ ಕಂಪನಿ ಹಿಡಿದಿತ್ತು. ಅದರ ಕಚೇರಿ ಅಫಜಲಪುರದಲ್ಲಿ, ಕಾಳುಕಡಿ ದಲ್ಲಾಳಿಗಳ ಒಂದು ಹಳೆಯ ಅಡತಿ ಅಂಗಡಿಯೊಳಗೆ. ಹೊರಕೋಣೆಯಲ್ಲಿ ಮೂರು ಕಂಪ್ಯೂಟರ್, ಒಳಕೋಣೆಯಲ್ಲಿ ಎಲ್ಲ ದಾಖಲೆ ಇಡುವ ದೊಡ್ಡ ಕಂಪ್ಯೂಟರ್. ಒಳಗಿನದಕ್ಕೆ ಮಾತ್ರ ಬ್ಯಾಟರಿ ಇತ್ತು, ಕರೆಂಟು ಹೋದರೂ ಅದು ಓಡುತ್ತಿತ್ತು. ಆ ಕೋಣೆಗೆ ಬೀಗ, ಬೀಗದ ಕೀಲಿ ಮ್ಯಾನೇಜರರ ಜೇಬಿನಲ್ಲಿ.

ಅಫಜಲಪುರದಲ್ಲಿ ಆಗ ಇಂಟರ್ನೆಟ್ ಬರೀ ಮಾತಿನಲ್ಲಿತ್ತು. ಆದರೂ ನಾನು ಆ ನಾಲ್ಕು ಯಂತ್ರಗಳ ನಡುವೆ ತಂತಿ ಎಳೆದು, ಒಳಗೊಳಗೇ ಓಡುವ ಒಂದು ವೆಬ್ ಪುಟ ಮಾಡಿದ್ದೆ. ಮನೆತನದ ವಿವರ ತುಂಬುವ ಫಾರ್ಮ್ ಅದರಲ್ಲಿತ್ತು. ಮೊದಲು ಎಲ್ಲರೂ ಮಾಡುವಂತೆ ಕೆಳಗೆ ‘ಕಳುಹಿಸು’ ಎಂಬ ಗುಂಡಿ ಇಟ್ಟೆ. ಒತ್ತಿದರೆ ಪರದೆ ಬೆಳ್ಳಗಾಗಿ, ಒಳಗಿನಿಂದ ಉತ್ತರ ಬರುವ ತನಕ ಸುಮ್ಮನೆ ಕೂತಿರಬೇಕು. ಕಾಯುವ ತಾಳ್ಮೆ ಯಾರಿಗಿತ್ತು? ಮತ್ತೆ ಮತ್ತೆ ಒತ್ತಿ ಒಂದೇ ಮನೆತನ ಮೂರು ಸಲ ದಾಖಲಾಗುತ್ತಿತ್ತು. ಇಲ್ಲವೇ ಹದಿನೆಂಟು ಖಾನೆ ತುಂಬಿ ಗುಂಡಿಗೆ ಕೈ ಹಾಕುವಷ್ಟರಲ್ಲಿ ಕರೆಂಟು ಹೋಗಿ, ತುಂಬಿದ್ದೆಲ್ಲ ನೀರುಪಾಲು.

ಹೀಗಾಗಿ ಜಾವಾಸ್ಕ್ರಿಪ್ಟಿನಲ್ಲಿ ನಾಲ್ಕು ದಿನ ಹೆಣಗಿ ಗುಂಡಿಯನ್ನೇ ತೆಗೆದುಹಾಕಿದೆ. ಪುಟದೊಳಗೆ ಕಣ್ಣಿಗೆ ಕಾಣದ ಒಂದು ಪುಟ್ಟ ಚೌಕಟ್ಟನ್ನು ಅಡಗಿಸಿಟ್ಟೆ. ಟೈಪು ಮಾಡುವವರು ಒಂದು ಖಾನೆ ತುಂಬಿ ಮುಂದಿನದಕ್ಕೆ ಹೋದ ಕೂಡಲೇ, ತುಂಬಿದ್ದು ಆ ಚೌಕಟ್ಟಿನ ಮೂಲಕ ಹಿಂದಿನಿಂದಲೇ ಒಳಕೋಣೆಯ ಯಂತ್ರಕ್ಕೆ ಹೋಗಿಬಿಡುತ್ತಿತ್ತು. ಪರದೆ ಅಲುಗುತ್ತಿರಲಿಲ್ಲ. ಬೇಕೇಬೇಕಾದ ಖಾನೆಗಳೆಲ್ಲ ತುಂಬಿದವೆಂದರೆ ಫಾರ್ಮ್ ತಾನೇ ಪೂರ್ತಿಯಾಗಿ, ಮೂಲೆಯಲ್ಲಿ ‘ಮುಟ್ಟಿತು’ ಎಂದು ಸಣ್ಣ ಅಕ್ಷರ ಮೂಡುತ್ತಿತ್ತು. ಆ ಕಾಲಕ್ಕೆ ಅದು ಸಣ್ಣ ಕೆಲಸವಲ್ಲ, ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಬಂದ ಜನಕ್ಕೆ ಮಾತ್ರ ಇದು ಸರಿಬರಲಿಲ್ಲ. ಒತ್ತುವುದಿಲ್ಲ, ಬಡಿಯುವುದಿಲ್ಲ, ಕಾಗದ ಹರಿಯುವುದಿಲ್ಲ, ಇದೆಂಥ ಸರ್ಕಾರಿ ಕೆಲಸ? “ಠಸ್ಸೆ ಎಲ್ಲ್ಯದ್ರಿ?” ಎಂದು ಕೇಳುತ್ತಿದ್ದರು. ಠಸ್ಸೆ ಎಂದರೆ ಮೊಹರು, ಅದು ಬೀಳದೆ ಅರ್ಜಿ ಕೊಟ್ಟಂತಾಗುವುದಿಲ್ಲ ಎಂಬುದು ನಮ್ಮ ಕಡೆಯವರ ಗಟ್ಟಿ ತಿಳಿವಳಿಕೆ. ನನ್ನ ಜೊತೆ ಟೈಪು ಮಾಡುತ್ತಿದ್ದ ನಸೀಮಾ ಅಫಜಲಪುರದವಳೇ, ಮಾತಿನಲ್ಲಿ ಚುರುಕು. ಹಳೇ ಅಡತಿಯವರು ಬಿಟ್ಟುಹೋದ ಒಂದು ಠಸ್ಸೆಯನ್ನು ಹುಡುಕಿ ತೆಗೆದು, ಚೀಟಿಯಲ್ಲಿ ನಂಬರು, ವೇಳೆ ಬರೆದು, ತನ್ನ ವಹಿಯಲ್ಲೂ ಬರೆದುಕೊಂಡು, ಚೀಟಿಯ ಮೇಲೆ ಒಂದೇಟು ಬಡಿದು ಕೊಡುತ್ತಿದ್ದಳು. ಅದರಲ್ಲಿ ಇದ್ದದ್ದು ತೊಗರಿ ವ್ಯಾಪಾರಿಯ ಹೆಸರು. ಜನ ಖುಷಿಯಿಂದ ಹೋಗುತ್ತಿದ್ದರು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಫಾರ್ಮಿನ ಆರನೇ ಖಾನೆ ‘ತಂದೆ ಅಥವಾ ಗಂಡನ ಹೆಸರು’. ಮದುವೆಯಾದ ಹೆಂಗಸಾದರೆ ಗಂಡನ ಹೆಸರು ಕಡ್ಡಾಯ, ಅದು ತುಂಬದಿದ್ದರೆ ಫಾರ್ಮ್ ಪೂರ್ತಿಯಾಗುವುದಿಲ್ಲ ಎಂದು ನಾನೇ ಬರೆದೆ. ಮ್ಯಾನೇಜರರು ಕೊಟ್ಟ ನಮೂನೆ ಹಾಗಿತ್ತು ಎಂದು ನುಣುಚಿಕೊಳ್ಳಬಹುದು. ಆದರೆ ನಮ್ಮ ಕಡೆ ಹೆಂಗಸರು ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇ? ರಾಹುಕಾಲ, ಶಕುನ ಎಲ್ಲ ಬಿಟ್ಟ ನಮ್ಮ ಮನೆಯಲ್ಲೂ ಅವ್ವ ಅಪ್ಪನ ಹೆಸರು ಹೇಳಿದ್ದನ್ನು ನಾನು ಕೇಳಿಲ್ಲ. ಯಾರಾದರೂ ಕೇಳಿದರೆ ನನ್ನನ್ನು ಮುಂದೆ ತಳ್ಳುತ್ತಿದ್ದಳು. ಎಲ್ಲ ಹೆಂಗಸರ ಪಕ್ಕದಲ್ಲೂ ಹೆಸರು ಹೇಳುವ ಒಬ್ಬರು ಇದ್ದೇ ಇರುತ್ತಾರೆ ಎಂದು ನಾನು ಯೋಚಿಸದೆಯೇ ನಂಬಿದ್ದೆ. ಮೂರು ವಾರ ಅದು ನಡೆಯಿತು ಕೂಡ. ಮಗ, ಮೈದುನ, ಓಣಿಯವರು, ಯಾರೋ ಒಬ್ಬರು ಹೇಳುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು.

ಭಾಗಮ್ಮ ಬಂದದ್ದು ಕೊನೆಯ ದಿನ, ಶನಿವಾರ ಮಧ್ಯಾಹ್ನ ಮೂರು ಗಂಟೆಗೆ. ಸಂಜೆ ಐದರ ನಂತರ ಬಂದದ್ದನ್ನು ಒಳಗಿನ ಯಂತ್ರ ತೆಗೆದುಕೊಳ್ಳುತ್ತಿರಲಿಲ್ಲ. ಮ್ಯಾನೇಜರರು ಒಳಕೋಣೆಗೆ ಬೀಗ ಹಾಕಿ ಮಧ್ಯಾಹ್ನಕ್ಕೇ ಗುಲಬರ್ಗಾಕ್ಕೆ ಹೋಗಿದ್ದರು. ಕಚೇರಿಯಲ್ಲಿ ನಾನು ಮತ್ತು ನಸೀಮಾ ಇಬ್ಬರೇ. ಭಾಗಮ್ಮನಿಗೆ ನಲವತ್ತರ ಆಸುಪಾಸು ಇರಬೇಕು. ಹಣೆಯಲ್ಲಿ ದೊಡ್ಡ ಕುಂಕುಮ, ಕೈತುಂಬ ಹಸಿರು ಬಳೆ, ಕಾಲಿಗೆಲ್ಲ ಧೂಳು. ಒಬ್ಬಳೇ ಬಂದಿದ್ದಳು. ಗಂಡ ಸೊಲ್ಲಾಪುರದ ಕಡೆ ದುಡಿಯಲು ಹೋಗಿ ಹನ್ನೊಂದು ವರ್ಷವಾಗಿತ್ತು. ಮೊದಲೆರಡು ವರ್ಷ ಅವರಿವರ ಕೈಲಿ ಸುದ್ದಿ ಬರುತ್ತಿತ್ತಂತೆ, ಆಮೇಲೆ ಅದೂ ಇಲ್ಲ. ಈಕೆ ಹೊಳೆಯ ಕಡೆಗಿದ್ದ ಒಂದು ಕೋಣೆಯಲ್ಲಿ ಬೇರೆಯಾಗಿದ್ದು, ಹೊಲದ ಕೆಲಸಕ್ಕೆ ಹೋಗಿ ಬದುಕುತ್ತಿದ್ದಳು. ಈಗ ಗಂಡನ ಅಣ್ಣ ತನ್ನ ಮನೆತನದ ವಿವರದಲ್ಲಿ ಈಕೆಯನ್ನೂ ಸೇರಿಸಿ ಬರೆಸಿಬಿಟ್ಟಿದ್ದ.

“ಅವ್ರ ಪಡಸಾಲ್ಯಾಗ ಒಂದು ಮೂಲಿ ಕೊಡ್ತಾರಂತ್ರಿ,” ಎಂದಳು. “ಹನ್ನೊಂದು ವರ್ಷ ಒಬ್ಬಾಕಿನೇ ಬಾಳೇ ಮಾಡೀನಿ, ಯಾರ ಮೂಲಿನೂ ಬ್ಯಾಡ ನನಗ. ನನ್ನ ಹೆಸರಿಂದ ಒಂದು ಬ್ಯಾರೆ ಕದ ಬರೀರಿ. ಸಣ್ಣದಿದ್ರೂ ನಡೀತದ. ಒಳಗಿಂದ ಚಿಲಕ ಹಾಕ್ಕೊಳ್ಳಾಕ ಬಂದ್ರ ಸಾಕು.”

ಆಕೆ ಕೇಳಿದ್ದು ಇಷ್ಟೇ. ಐದರೊಳಗೆ ಬೇರೆ ಫಾರ್ಮ್ ಪೂರ್ತಿಯಾದರೆ ಆಕೆಗೆ ಬೇರೆ ಮನೆ. ಆಗದಿದ್ದರೆ ಭಾವನ ಪಡಸಾಲೆಯ ಮೂಲೆ. ನಾನು ಆಕೆಯನ್ನು ಮೂರನೇ ಯಂತ್ರದ ಮುಂದೆ ಕೂರಿಸಿ, ಪಕ್ಕದಲ್ಲಿ ನಿಂತು ಟೈಪು ಮಾಡತೊಡಗಿದೆ. ಹೆಸರು, ವಯಸ್ಸು, ಊರು, ಈಗಿನ ಮನೆ ಎಲ್ಲಿ, ಎಷ್ಟು ವರ್ಷದಿಂದ, ಎಲ್ಲವನ್ನೂ ಚಕಚಕನೆ ಹೇಳಿದಳು. ನಾವು ಬರೆಯುತ್ತಿದ್ದುದು ಕನ್ನಡದ ಮಾತು, ಇಂಗ್ಲಿಷ್ ಅಕ್ಷರ. ಆರನೇ ಖಾನೆಗೆ ಬಂದಾಗ ಆಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ತುಂಬಿದೆ. ಮೂಲೆಯಲ್ಲಿ ‘ಮುಟ್ಟಿತು’ ಬರಲಿಲ್ಲ.

ರೇಷನ್ ಕಾರ್ಡು ಕೇಳಿದೆ. ಅದು ಭಾವನ ಹೆಸರಿನಲ್ಲಿತ್ತು, ಭಾವನ ಮನೆಯಲ್ಲಿತ್ತು. ಮತದಾರರ ಪಟ್ಟಿ ಬೀಗದೊಳಗಿತ್ತು. ಹೊರಗೆ ನಿಂತಿದ್ದ ನಾಲ್ಕು ಜನ ಬೇರೆ ಊರಿನವರು. “ಬರೇ ಹೆಸರು ಹೇಳ್ರಿ, ಮುಗೀತು,” ಎಂದೆ. ಆಕೆ ತಲೆ ಅಲ್ಲಾಡಿಸಿದಳು. ನನಗೆ ರೇಗಿತು. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ, ಅವತ್ತು ಆ ಹೆಣ್ಣುಮಗಳ ಮೇಲೆ ನಾನು ಎಗರಾಡಿದೆ. ಹನ್ನೊಂದು ವರ್ಷ ತಿರುಗಿ ನೋಡದವನಿಗೆ ಇದೆಂಥ ಮರ್ಯಾದೆ, ಇದೆಲ್ಲ ಮೂಢನಂಬಿಕೆ ಎಂದು ಭಾಷಣ ಬಿಗಿದೆ.

“ಮರ್ಯಾದಿ ಅಲ್ರಿ,” ಎಂದಳು. “ಅಂವ ಎಲ್ಲ್ಯದಾನೋ ಹ್ಯಾಂಗದಾನೋ ನನಗ ಗೊತ್ತಿಲ್ಲ. ಬದುಕಿದ್ರ, ನಾ ಹೆಸರು ಹಿಡದು ಅಂವನ ಆಯುಷ್ಯಾ ಯಾಕ ಕಡಿಮಿ ಮಾಡ್ಲಿ?”

ನಸೀಮಾ ಒಂದು ಉಪಾಯ ಹೇಳಿದಳು. ನಮ್ಮ ಕಡೆ ಮದುವೆಯಲ್ಲಿ ಹೊಸ ಮದುಮಗಳು ಗಂಡನ ಹೆಸರು ಹೇಳಲೇಬೇಕೆಂದು ಹೊಸ್ತಿಲಲ್ಲಿ ಅಡ್ಡಗಟ್ಟುತ್ತಾರೆ. ಆಗ ಆಕೆ ಎರಡು ಸಾಲಿನ ಪ್ರಾಸದಲ್ಲಿ ಹೆಸರನ್ನು ಸೇರಿಸಿ ಹೇಳಿ ಪಾರಾಗುತ್ತಾಳೆ. ಅದಕ್ಕೆ ಒಡಪು ಎನ್ನುತ್ತಾರೆ. ಒಡಪಿನಲ್ಲಿ ಹೇಳಿದರೆ ದೋಷವಿಲ್ಲ. “ಅಕ್ಕಾ, ಒಡಪು ಹಾಕಿ ಹೇಳ್ರಿ, ಸರ್ ಅದ್ರಾಗಿಂದು ಹೆಸರಷ್ಟೇ ತಗೀತಾರ,” ಎಂದಳು.

ಭಾಗಮ್ಮ ಆಕೆಯನ್ನು ನೋಡಿ, “ಒಡಪು ನಗೂ ಹೊತ್ತಿನ್ಯಾಗ ಹೇಳೂದವ್ವಾ. ಇದು ನಗೂ ಹೊತ್ತೇನು?” ಎಂದಳು.

ಅಷ್ಟರಲ್ಲಿ ಕರೆಂಟು ಹೋಯಿತು. ಗಂಟೆ ಮೂರೂವರೆ. ಕರೆಂಟು ತಿರುಗಿ ಬರುವಾಗ ಏರಿಳಿದು ಯಂತ್ರ ಸುಡುತ್ತದೆಂದು ಗೋಡೆಯ ಸ್ವಿಚ್ಚುಗಳನ್ನು ಆರಿಸುವುದು ನಮ್ಮ ಪದ್ಧತಿ. ನಸೀಮಾ ಮೂರನ್ನೂ ಆರಿಸಿದಳು, ನಾನು ನೋಡಿದೆ. ಹೊರಗಿದ್ದ ನಾಲ್ವರ ಫಾರ್ಮ್ ಬೆಳಿಗ್ಗೆಯೇ ಆಗಿತ್ತು, ಬಸ್ಸಿಗೆ ಕಾಯುತ್ತಿದ್ದರು, ಹೋದರು. ನಾಲ್ಕೂ ಕಾಲಿನವರೆಗೆ ಕಾದು, ನಾನು ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಹೋಗಿ ಗುಲಬರ್ಗಾಕ್ಕೆ ಫೋನು ಹಚ್ಚಿದೆ. ಲೈನ್ ಸಿಗಲು ಅರ್ಧ ತಾಸು ಹಿಡಿಯಿತು. ಮ್ಯಾನೇಜರರಿಗೆ ಎಲ್ಲ ಹೇಳಿ, ಒಬ್ಬ ಹೆಣ್ಣುಮಗಳ ಸಲುವಾಗಿ ಸೋಮವಾರದ ತನಕ ಸಮಯ ಕೊಡಿ ಎಂದು ಕೇಳಿದೆ. ಅವರು ಊಟ ಮಾಡಿ ಮಲಗಿ ಎದ್ದ ದನಿಯಲ್ಲಿ, “ಐದಕ್ಕ ಬಂದ್ ಅಂದ್ರ ಬಂದ್. ಆಕಿ ಏನು ರಸ್ತಾದ ಮ್ಯಾಲ ಬೀಳ್ತಾಳೇನು? ಭಾವನ ಮನ್ಯಾಗ ಇರ್ತಾಳ ಬಿಡ್ರಿ,” ಎಂದು ಫೋನಿಟ್ಟರು. ಇವತ್ತಿಗೂ ಆ ‘ಬಿಡ್ರಿ’ ನೆನಪಾದರೆ ನನ್ನ ಮೈ ಉರಿಯುತ್ತದೆ.

ನಾನು ವಾಪಸ್ಸು ಬಂದಾಗ ಐದು ದಾಟಿತ್ತು. ಕರೆಂಟು ಬಂದಿರಲಿಲ್ಲ. ಒಳಗೆ ಶೆಕೆಯೆಂದು ನಸೀಮಾ ಹೊರಗಿನ ಮೆಟ್ಟಿಲ ಮೇಲೆ ಕುಳಿತು ಬೀಸಿಕೊಳ್ಳುತ್ತಿದ್ದಳು. ಭಾಗಮ್ಮ ಒಬ್ಬಳೇ ಒಳಗೆ, ಸತ್ತ ಯಂತ್ರದ ಮುಂದೆ ಅದೇ ಕುರ್ಚಿಯಲ್ಲಿ ಕುಳಿತಿದ್ದಳು. ಎದ್ದರೆ ತನ್ನ ಪಾಳಿ ಹೋಗುತ್ತದೆ ಎಂದು ನಸೀಮಾಗೆ ಹೇಳಿದ್ದಳಂತೆ. ಆಗಲಿಲ್ಲ ಎಂದು ನಾನು ಹೇಳಿದೆ. ಆಕೆ ಅಳಲಿಲ್ಲ, ಬೈಯಲಿಲ್ಲ. ನನಗೆ ಠಸ್ಸೆ ಹೊಡೆದ ಚೀಟಿ ಬೇಕು ಎಂದಳು. ಆಗದ ಕೆಲಸಕ್ಕೆ ಚೀಟಿ ಎಲ್ಲಿಂದ ಕೊಡಲಿ ಎಂದೆ. ಕೊನೆಯ ಬಸ್ಸಿಗೆ ಹೊರಟುಹೋದಳು. ಕರೆಂಟು ಬಂದದ್ದು ಆರೂವರೆಯ ಮೇಲೆ. ಸ್ವಿಚ್ಚುಗಳು ಆರಿಸಿದಂತೆಯೇ ಇದ್ದವು. ಹಾಗೆಯೇ ಬಿಟ್ಟು, ನಾವು ಕದ ಹಾಕಿಕೊಂಡು ಹೋದೆವು.

ಸೋಮವಾರ ಬೆಳಿಗ್ಗೆ ಮ್ಯಾನೇಜರರು ಬೀಗ ತೆಗೆದು ಪಟ್ಟಿ ಮುದ್ರಿಸಿದರು. ಹತ್ತು ನಿಮಿಷಕ್ಕೆ ಒಳಗಿನಿಂದ ನನ್ನ ಹೆಸರು ಹಿಡಿದು ಕೂಗಿದರು. ಹೋಗಿ ನೋಡಿದರೆ ಭಾಗಮ್ಮನ ದಾಖಲೆ ಪೂರ್ತಿಯಾಗಿತ್ತು. ಉಳಿದ ಖಾನೆಗಳೆಲ್ಲ ಮೂರೂವರೆಯ ಒಳಗೆ ಹೋಗಿದ್ದವು, ಅದು ಸರಿ, ನಾನೇ ತುಂಬಿದ್ದೆ. ಆರನೇ ಖಾನೆ ಮಾತ್ರ ಬೇರೆ ಹೊತ್ತಿನಲ್ಲಿ ಬಂದಿತ್ತು. ವೇಳೆ ನಾಲ್ಕು ಗಂಟೆ ನಲವತ್ತೇಳು ನಿಮಿಷ. ಬಂದದ್ದು ಮೂರನೇ ಯಂತ್ರದಿಂದ. ಗಂಡನ ಹೆಸರು ಇರಬೇಕಾದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಸಾಲು ಇತ್ತು:

“ಜ್ವಾಳದ ಹೊಲದಾಗ ಬೆಳ್ಳಕ್ಕಿ ಹಿಂಡ,
ಗುರುಲಿಂಗಪ್ಪನವರು ನನಗ ಶಿವ ಕೊಟ್ಟ ಗಂಡ.”

ಮ್ಯಾನೇಜರರ ಮುಖ ಕೆಂಪಗಾಗಿತ್ತು. “ಇದೇನು ದಫ್ತರೋ ಲಗ್ನದ ಮನಿಯೋ? ಸರ್ಕಾರಿ ದಾಖಲ್ಯಾಗ ಹಾಡು ಬರೀತೀರೇನ್ರಿ? ಮಸ್ಕಿರಿ ಮಾಡಾಕತ್ತೀರಾ ನನ್ನ ಜೋಡಿ?”

ನಾನು ಬರೆದಿಲ್ಲ ಎಂದೆ. ಆ ಹೊತ್ತಿಗೆ ನಾನು ಬೂತಿನಲ್ಲಿದ್ದೆ, ನಿಮ್ಮ ಜೊತೆಗೇ ಮಾತಾಡುತ್ತಿದ್ದೆ ಎಂದೆ. ಹಾಗಾದರೆ ನಸೀಮಾ ಎಂದರು. ಆಕೆ ಮುಂದೆ ಬಂದು, “ಕರೆಂಟೇ ಇದ್ದಿಲ್ರಿ ಸಾಬ್. ಕಸಮ್ ಹಾಕಿ ಹೇಳ್ತೇನಿ, ಮಷೀನ್ ಬಂದ್ ಇತ್ತು. ನಾ ಏನು ಕೊಳ್ಳಿ ಹಚ್ಚಿ ನಡಸಬೇಕಿತ್ತೇನ್ರಿ?” ಎಂದಳು. ಒಳಗಿನ ಯಂತ್ರದಲ್ಲೇ ನಾವು ಬರೆದಿರಬಹುದು ಎಂದರೆ, ಆ ಕೋಣೆಯ ಕೀಲಿ ಅವರ ಜೇಬಿನಲ್ಲೇ ಗುಲಬರ್ಗಾಕ್ಕೆ ಹೋಗಿ ಬಂದಿತ್ತು. ಅದನ್ನೂ ಹೇಳಿದೆ. ಅವರು ದನಿ ಏರಿಸಿದರು. ಆಕೆಯನ್ನೇ ಕರೆಸಿ ಕೇಳೋಣ ಎಂದೆ. “ಆಕಿನ್ನ ಏನು ಕೇಳೂದು? ಓದಾಕ ಬರದಾಕಿ,” ಎಂದರು.

ನೀವೂ ಈಗ ಮನಸ್ಸಿನಲ್ಲಿ ಕಾರಣ ಹುಡುಕುತ್ತಿರುತ್ತೀರಿ. ನಾನೂ ಹುಡುಕಿದ್ದೇನೆ. ಗಡಿಯಾರ ತಪ್ಪಿರಬಹುದೇ? ಅದರ ಹಿಂದಿನ ದಾಖಲೆಗಳ ವೇಳೆಯೆಲ್ಲ ನಸೀಮಾಳ ವಹಿಗೆ ಸರಿಯಾಗಿ ಕೂಡಿತು. ಹಿಂದಿನಿಂದ ಕಳಿಸಿದ್ದು ದಾರಿಯಲ್ಲಿ ತಡೆದು ನಿಂತು ಆಮೇಲೆ ಮುಟ್ಟಿರಬಹುದೇ? ಮುಟ್ಟಬೇಕಾದರೆ ಮೊದಲು ಯಾರಾದರೂ ಟೈಪು ಮಾಡಿರಬೇಕು. ನಮ್ಮಿಬ್ಬರಿಗೂ ಆ ಹೆಸರೇ ಗೊತ್ತಿರಲಿಲ್ಲ. ಇನ್ನೊಂದು ಮಾತು. ಆ ಖಾನೆಗೆ ಮೂವತ್ತು ಅಕ್ಷರಕ್ಕಿಂತ ಹೆಚ್ಚು ಹಿಡಿಯದಂತೆ ನಾನೇ ಕಟ್ಟು ಹಾಕಿದ್ದೆ. ಆಮೇಲೆ ಅದೇ ಎರಡು ಸಾಲನ್ನು ನಾನೇ ಟೈಪು ಮಾಡಿ ನೋಡಿದೆ. ಮೂವತ್ತಕ್ಕೆ ನಿಂತುಬಿಟ್ಟಿತು, ಹೆಸರಿನ ತನಕವೂ ಹೋಗಲಿಲ್ಲ.

ಮ್ಯಾನೇಜರರು ಅಂದು ನನ್ನ ಮುಂದಿಟ್ಟದ್ದನ್ನು ನೆನೆದರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ. ಪ್ರತಿ ದಾಖಲೆಯ ಕೆಳಗೆ ‘ಹೇಳಿಕೆ ಕೇಳಿ ನಾನೇ ಬರೆದಿದ್ದೇನೆ’ ಎಂದು ಟೈಪು ಮಾಡಿದವರ ಸಹಿ ಬೀಳಬೇಕಿತ್ತು. ಸಹಿ ಇಲ್ಲದ ದಾಖಲೆ ರದ್ದು. “ನೀವು ಬರದಿಲ್ಲ ಅಂದ್ರ ಬರದಿಲ್ಲ ಅಂತ ಬರಕೊಡ್ರಿ, ಈಗಿಂದೀಗ ಹೊಡದು ಹಾಕ್ತೇನಿ. ಬರದೀನಿ ಅಂದ್ರ ಸಹಿ ಮಾಡ್ರಿ, ದಾಖಲಿ ಉಳೀತದ. ಆದ್ರ ದಾಖಲ್ಯಾಗ ಆಟ ಆಡಿದವ್ರು ಇಲ್ಲಿ ಉಳಿಯಂಗಿಲ್ಲ,” ಎಂದರು.

ನಿಜ ಹೇಳಿದರೆ ಆ ಹೆಣ್ಣುಮಗಳ ಮನೆ ಹೋಗುತ್ತದೆ. ಸುಳ್ಳು ಹೇಳಿದರೆ ಉಳಿಯುತ್ತದೆ, ನನ್ನ ಕೆಲಸ ಹೋಗುತ್ತದೆ. ಇದೆಂಥ ನ್ಯಾಯ? ಹನ್ನೊಂದು ವರ್ಷ ಒಂಟಿಯಾಗಿ ಬದುಕಿದವಳು ತನ್ನ ಹೆಸರಿನಲ್ಲಿ ಒಂದು ಕದ ಪಡೆಯಲು ಕಾಣೆಯಾದವನ ಹೆಸರು ಯಾಕೆ ಬೇಕು? ಆ ಖಾನೆ ಕಡ್ಡಾಯ ಎಂದು ಬರೆದ ಕೈ ನನ್ನದೇ. ಬೇರೆಯವರನ್ನು ಬೈದಷ್ಟೂ ಅದು ತಿರುಗಿ ನನ್ನ ಮುಖಕ್ಕೇ ಬರುತ್ತಿತ್ತು. ನಸೀಮಾ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದಳು. ನಾನು ಪೆನ್ನು ತೆಗೆದು ‘ಹೇಳಿಕೆ ಕೇಳಿ ನಾನೇ ಬರೆದಿದ್ದೇನೆ’ ಎಂಬುದರ ಕೆಳಗೆ ಸಹಿ ಮಾಡಿದೆ. ಮಧ್ಯಾಹ್ನದ ಬಸ್ಸಿಗೆ ಗಂಟುಮೂಟೆ ಕಟ್ಟಿಕೊಂಡು ಆಳಂದಕ್ಕೆ ಹೊರಟೆ.

ಸಹಿಯಾದ ದಾಖಲೆಯನ್ನು ತಿದ್ದುವಂತಿರಲಿಲ್ಲವಂತೆ. ಪಟ್ಟಿಯನ್ನು ಊರ ಕಟ್ಟೆಯ ಮೇಲೆ ಎಲ್ಲರೆದುರು ಓದಿದಾಗ ಆ ಎರಡು ಸಾಲನ್ನೂ ಗಟ್ಟಿಯಾಗಿ ಓದಿದರು, ಇಡೀ ಊರು ನಕ್ಕಿತು ಎಂದು ಆಮೇಲೆ ನಸೀಮಾ ಕಾಗದ ಬರೆದಿದ್ದಳು. ಭಾಗಮ್ಮನಿಗೆ ಬೇರೆ ಮನೆ ಮಂಜೂರಾಯಿತು. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ನಾನು ಬರೆದ ಪುಟದ ಒಂದು ಪ್ರತಿ ನನ್ನ ಬಳಿ ಇತ್ತು. ಅದನ್ನು ಸಾಲುಸಾಲಾಗಿ ಓದಿ ತಲೆ ಕೆಡಿಸಿಕೊಂಡೆ. ಕೊನೆಗೆ ಉಳಿದದ್ದು ಒಂದೇ ದಾರಿ. ಅವತ್ತು ಆ ಕೋಣೆಯಲ್ಲಿ ಒಬ್ಬಳೇ ಕುಳಿತವಳು ಭಾಗಮ್ಮ. ಏನು ನಡೆಯಿತು ಎಂದು ಆಕೆಯನ್ನೇ ಕೇಳಬೇಕು. ಒಂದೂವರೆ ವರ್ಷದ ಮೇಲೆ, ಜೇವರ್ಗಿಯಲ್ಲಿ ಬೇರೆ ಕೆಲಸ ಸಿಕ್ಕಿದ್ದಾಗ, ಒಂದು ರಜೆಯ ದಿನ ಬಸ್ಸು ಹಿಡಿದು ಹೋದೆ.

ಹೊಸ ಊರು ಎತ್ತರದ ಬಯಲಿನಲ್ಲಿತ್ತು, ಗಿಡಮರ ಇನ್ನೂ ಇರಲಿಲ್ಲ. ಭಾಗಮ್ಮ ಬಾಗಿಲಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿದ ಕೂಡಲೇ ಮೊರ ಬದಿಗಿಟ್ಟು ಎದ್ದಳು. ನಾನು ಬಾಯಿ ತೆರೆಯುವ ಮೊದಲೇ ಆಕೆ ಕೇಳಿದಳು.

“ನೀವೇ ಬರದೀರಿ ಅಂತ ಸಹಿ ಮಾಡೀರಂತಲ್ರಿ?”

ಹೌದು ಎಂದೆ.

“ಅದು ನನ್ನ ಒಡಪ್ರಿ. ಲಗ್ನದ ದಿನ ಅವ್ರ ಮನಿ ಹೊಸ್ತಿಲದಾಗ ನಿಂತು ಅಂದಿದ್ದೆ. ಗದ್ದಲದಾಗ ಯಾರೂ ಕೇಳಿಸ್ಕೊಳ್ಳಲಿಲ್ಲ, ಇನ್ನೊಮ್ಮಿ ಹೇಳು ಅಂದ್ರು, ನಾಚಿಗಿ ಬಂತು, ಬ್ಯಾರೇದು ಒಂದು ಹೇಳಿದೆ. ಬಾಜೂ ನಿಂತ ಅಂವಗಷ್ಟೇ ಕೇಳಿತ್ತು. ಆಮ್ಯಾಲ ಯಾರ ಮುಂದೂ ಅದನ್ನ ಅಂದಿಲ್ಲ. ಅವತ್ತು ನಿಮ್ಮ ದಫ್ತರದಾಗೂ ಅಂದಿಲ್ಲ, ಬಾಯಿ ಮುಚ್ಚಿ ಕೂತಿದ್ದೆ.” ಆಕೆ ಒಂದು ಹೆಜ್ಜೆ ಹತ್ತಿರ ಬಂದಳು. “ಅಂದ್ರ ನಿಮಗ ಅಂವನೇ ಹೇಳಿರಬೇಕು. ನೀವು ಹೊರಗ ಹ್ವಾದಾಗ ಸಿಕ್ಕಿದ್ನೇನ್ರಿ? ಬಸ್ ಸ್ಟ್ಯಾಂಡಿನ್ಯಾಗ ಇದ್ನೇನು? ನನ್ನ ಮಾರಿ ನೋಡಾಕ ಮನಸ ಬರಲಿಲ್ಲೇನು ಅಂವಗ?”

ಕಾರಣ ಕೇಳಲು ಹೋದವನು ನಾನು. ಆ ಸಹಿ ಉಳಿಸಿದ್ದು ಬರೀ ಮನೆಯನ್ನಲ್ಲ ಎಂದು ನನಗೆ ಆಗ ಹೊಳೆಯಿತು. ಒಂದೂವರೆ ವರ್ಷದಿಂದ ಈಕೆ ಆ ಹೊಸ ಮನೆಯಲ್ಲಿ ಏನನ್ನು ನಂಬಿ ಕುಳಿತಿದ್ದಳು, ರಾತ್ರಿ ಚಿಲಕ ಹಾಕುವ ಮೊದಲು ಎಷ್ಟು ಹೊತ್ತು ದಾರಿ ನೋಡುತ್ತಿದ್ದಳು ಎಂದು ಯೋಚಿಸಿದೆ. ನಾನು ಬರೆದಿಲ್ಲ ಎಂದು ಹೇಳಿದರೆ, ಹಾಗಾದರೆ ಬರೆದವರು ಯಾರು ಎಂದು ಆಕೆ ಕೇಳುತ್ತಾಳೆ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, “ಹೋಗ್ಲಿ, ಬಿಡ್ರಿ. ಎಲ್ಲ್ಯದಾನಂತ ಕೇಳಂಗಿಲ್ಲ. ಅರಾಮ ಅದಾನಲ್ರಿ? ಅಷ್ಟು ಹೇಳ್ರಿ ಸಾಕು,” ಎಂದಳು.

ಹೌದ್ರಿ, ಅರಾಮ ಅದಾನ ಎಂದೆ. ಆ ಮಾತು ಸುಳ್ಳೋ ನಿಜವೋ ನನಗೆ ಇವತ್ತಿಗೂ ಗೊತ್ತಿಲ್ಲ.